ಬೀದಿಯವರಿಗೆ ಮೊಬೈಲಲ್ಲಿ ವಿಡಿಯೋ ಮಾಡಿ ಅಂದ್ರೆ "ನಂಗೇನು ಬರುತ್ತೆ" ಅಂತಾರೆ. ಹೇಗೆ ಒಪ್ಪಿಸೋದು?

ಅಡ್ಡರಸ್ತೆ ವಾಚನಾಲಯ (ಪ್ರಶ್ನೆ):

ನಮಸ್ಕಾರ. ಶ್ರೀನಗರದ ಒಂದು ಅಡ್ಡರಸ್ತೆಯಲ್ಲಿ ನಾವು ನಾಲ್ಕೈದು ಜನ ಸೇರಿ ಸಣ್ಣ ವಾಚನಾಲಯ ನಡೆಸ್ತಿದ್ದೀವಿ. ಮೊದಲ ಮಹಡಿಯಲ್ಲಿ ಒಂದು ರೂಮು, ಎರಡು ಬೆಂಚು, ಒಂದಿಷ್ಟು ಪೇಪರ್ರು. ಸಂಜೆ ಐದರ ಮೇಲೆ ಓದೋರಿಗಿಂತ ಮಾತಾಡೋರೇ ಜಾಸ್ತಿ. ಆ ಮಾತು ಕೇಳ್ತಾ ಕೇಳ್ತಾ ಒಂದು ಯೋಚನೆ ಬಂತು. ಇವರೆಲ್ಲ ತಮಗೆ ಗೊತ್ತಿರೋ ಕೆಲಸದ ಬಗ್ಗೆ ಒಂದೆರಡು ನಿಮಿಷದ ವಿಡಿಯೋ ಮೊಬೈಲಲ್ಲೇ ತೆಗೆದು ಹಂಚಿಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ ಅಂತ.

ಫೋನಿಲ್ಲ ಅನ್ನೋ ಕಾಲ ಹೋಯ್ತು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂದಮೇಲೆ ಇಸ್ತ್ರಿ ಅಂಗಡಿಯವರೂ ಪೆಟ್ಟಿಗೆ ಪಕ್ಕ ಫೋನು ಒರಗಿಸಿಕೊಂಡು ಏನೋ ಒಂದು ನೋಡ್ತಾನೇ ಇರ್ತಾರೆ. ನೋಡೋರು ಎಲ್ಲರೂ, ಮಾಡೋರು ಯಾರೂ ಇಲ್ಲ. ನಮ್ಮ ಎದುರುಮನೆ ಯಜಮಾನ್ರು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವರು. ಮೂಲೇಲಿ ಕೂರೋ ಹೂವಿನ ಅಜ್ಜಿ ಗಿರಾಕಿ ಜೊತೆ ಮಾತಾಡ್ತಾ, ಕೈ ಕಡೆ ನೋಡದೆ, ಮೊಳಗಟ್ಟಲೆ ಕಟ್ಟಿಬಿಡ್ತಾರೆ. ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಹಳೇ ರೂಟ್ ನಂಬರೆಲ್ಲ ಅವರಿಗೆ ಬಾಯಿಪಾಠ.

ಹಬ್ಬಕ್ಕೆ ಮುಂಚೆ ನೋಟಿಸ್ ಹಾಕಿದ್ವಿ: "ನಿಮ್ಮ ಪ್ರತಿಭೆಯನ್ನು ಮೊಬೈಲಿನಲ್ಲಿ ಸೆರೆಹಿಡಿದು ಕಳಿಸಿ, ಆಕರ್ಷಕ ಬಹುಮಾನ ಗೆಲ್ಲಿ." ಬಂದಿದ್ದೇನಪ್ಪಾ ಅಂದ್ರೆ ಮೊಮ್ಮಗಳ ಡ್ಯಾನ್ಸು, ಲಾಲ್‌ಬಾಗ್ ಫ್ಲವರ್ ಶೋದಲ್ಲಿ ಗ್ಲಾಸ್‌ಹೌಸ್ ಬದಲು ಜನರ ತಲೆಗಳೇ ಕಾಣೋ ಒಂದು ವಿಡಿಯೋ, ಮತ್ತೆ ಯಾರೋ ಫಾರ್ವರ್ಡ್ ಮಾಡಿದ ಶುಭೋದಯ. ಮುಖಾಮುಖಿ ಕೇಳಿದ್ರೆ "ಅಯ್ಯೋ ಬಿಡಿ, ನಂಗೇನು ಬರುತ್ತೆ", "ಈ ಮುಖ ಯಾರು ನೋಡ್ತಾರೆ". ಇನ್ನು ಕೆಲವರದ್ದು ನೇರ ಪ್ರಶ್ನೆ: "ದುಡ್ಡು ಬರುತ್ತಾ?"

ಟ್ರೇನಿಂಗ್ ಕ್ಲಾಸ್ ಇಡಬೇಕಾ? ಟ್ರೈಪಾಡು, ಮೈಕು ಕೊಳ್ಳಬೇಕಾ? ಬಹುಮಾನ ದೊಡ್ಡದು ಮಾಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.


ಮದುವೆಮನೆ ಕ್ಯಾಮೆರಾ:

ಏನನ್ನಾದ್ರೂ ಕೊಳ್ಳೋಕೆ ಮೊದಲು ಲೆನ್ಸ್ ಒರೆಸಿ. ತಮಾಷೆ ಅಲ್ಲ. ಅಡುಗೆಮನೆ ಕಟ್ಟೆ ಮೇಲೆ, ಜೇಬಲ್ಲಿ ಇರೋ ಫೋನಿನ ಲೆನ್ಸ್ ಮೇಲೆ ಎಣ್ಣೆ ಬೆರಳಿನ ಗುರುತು ಇದ್ದೇ ಇರುತ್ತೆ. ಎಲ್ಲಾ ಮಬ್ಬು ಮಬ್ಬು ಬಂದಾಗ ಜನ "ಫೋನು ಹಳೇದು" ಅಂತ ಅಂದ್ಕೋತಾರೆ. ಹಳೇ ಬನಿಯನ್ ಬಟ್ಟೆಯಲ್ಲಿ ಒಂದು ಸಲ ಒರೆಸಿದ್ರೆ ಅರ್ಧ ಫೋನು ಹೊಸದಾಗುತ್ತೆ.

ಕಿಟಕಿಗೆ ಮುಖ ಮಾಡಿ ಕೂರಿಸಿ, ಬೆನ್ನು ಮಾಡಿ ಬೇಡ. ಟ್ಯೂಬ್‌ಲೈಟ್ ಅಥವಾ ಕಡಿಮೆ ಬೆಲೆಯ ಎಲ್‌ಇಡಿ ಕೆಳಗೆ ತೆಗೆದ್ರೆ ಪಟ್ಟೆ ಪಟ್ಟೆ ಓಡೋದು ನೋಡಿರ್ತೀರಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತೆ. ಎರಡಕ್ಕೂ ತಾಳ ಕೂಡಲ್ಲ. ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಆಂಟಿ ಬ್ಯಾಂಡಿಂಗ್ ಅಂತ ಇದ್ರೆ 50ಕ್ಕೆ ಇಡಿ. ಇಲ್ಲದಿದ್ರೆ ಹಗಲಲ್ಲೇ ಮುಗಿಸಿ.

ಚಿತ್ರ ಸುಮಾರಾಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸದಿದ್ರೆ ಬೆರಳಲ್ಲಿ ಮೇಲಕ್ಕೆ ತಳ್ಳಿ ಹೋಗ್ತಾರೆ. ಹಾಗಾಗಿ ಫ್ಯಾನು ಆಫ್. ಫೋನಿನ ಕೆಳತುದಿಯಲ್ಲಿರೋ ಮೈಕಿನ ತೂತಿಗೆ ಬೆರಳು ಅಡ್ಡ ಬರಬಾರದು. ಮಾತಾಡೋರಿಂದ ಒಂದು ಕೈ ಚಾಚಿದಷ್ಟು ದೂರ ಇದ್ರೆ ಬೇರೆ ಮೈಕೇ ಬೇಡ. ತರಕಾರಿ ಗಾಡಿಯವನ ರೆಕಾರ್ಡೆಡ್ ಕೂಗು ಬೀದಿ ದಾಟೋತನಕ ಮಾತ್ರ ಕಾಯಬೇಕು, ಅದಕ್ಕೆ ಮದ್ದಿಲ್ಲ.

ಕ್ಲಾಸ್ ಇಟ್ರೆ ನಾನೇ ಬರ್ತೀನಿ, ಕಾಫಿ ಕೊಟ್ರೆ ಸಾಕು. ಆದ್ರೆ ಕ್ಲಾಸಿಂದ ವಿಡಿಯೋ ಹುಟ್ಟುತ್ತೆ ಅಂತ ನಂಗೆ ನಂಬಿಕೆ ಇಲ್ಲ.


ಸೆರಗು ಕುಚ್ಚು:

ಸಾರ್, ನಿಮ್ಮ ನೋಟಿಸ್ ಓದಿದ್ರೆ ಸ್ಕೂಲ್ ಡೇಗೆ ಹೆಸರು ಕೊಡಿ ಅಂದ ಹಾಗಿದೆ. ಹಾಡೋರು, ಕುಣಿಯೋರು ಮಾತ್ರ ಬರಬೇಕು ಅಂದ್ಕೊಂಡು ಉಳಿದವರು ಹಿಂದೆ ಸರಿದ್ರು. ಹೂವಿನ ಅಜ್ಜಿಗೆ ತಾನು ಮಾಡೋದು ತೋರಿಸೋವಂಥದ್ದು ಅಂತ ಹೇಗೆ ಅನ್ನಿಸಬೇಕು? ಅದು ಅವರ ದಿನದ ಕೆಲಸ.

ನಾನು ಹನುಮಂತನಗರದಲ್ಲಿ ಮನೇಲೇ ಸೀರೆಗೆ ಫಾಲ್ಸು, ಜಿಗ್‌ಜಾಗು, ಕುಚ್ಚು ಹಾಕ್ತೀನಿ. ವಿಡಿಯೋ ಮಾಡಬೇಕು ಅಂತ ಕೂತವಳಲ್ಲ. ನನ್ನ ಓರಗಿತ್ತಿ ದಾವಣಗೆರೆಯಲ್ಲಿ ಇದೇ ಕೆಲಸ ಶುರು ಮಾಡಿದ್ಲು. ದಿನಾ ಫೋನು: "ಅಕ್ಕಾ, ನಂದು ಕುಚ್ಚು ಕತ್ತಿನ ಹತ್ರ ಬಿಚ್ಕೊಂಡು ಬರ್ತೈತಿ, ನೀವು ಜರಿ ಹೆಂಗ ಸುತ್ತೀರಿ?" ನಾನು ಹೇಳಿದ್ದೇ ಹೇಳಿದ್ದು, ಅವಳದ್ದು ಬಿಚ್ಚಿದ್ದೇ ಬಿಚ್ಚಿದ್ದು. ಕೊನೆಗೆ ಸಾಕಾಗಿ ಒಂದು ಮಧ್ಯಾಹ್ನ ಟಿವಿ ಸ್ಟ್ಯಾಂಡಿನ ಅಂಚಿಂದ ಮಣೆಯನ್ನ ಅರ್ಧ ಹೊರಗೆ ಚಾಚಿಟ್ಟೆ. ಒಳಗಿನ ತುದಿ ಮೇಲೆ ಭಾರಕ್ಕೆ ಕುಟ್ಟಾಣಿ. ಹೊರಗಿನ ತುದಿಯಲ್ಲಿ ಫೋನನ್ನ ಅಂಗಾತ ಮಲಗಿಸಿ, ಕ್ಯಾಮೆರಾ ಇರೋ ಭಾಗ ಮಾತ್ರ ಅಂಚಿನಾಚೆ ಬರೋ ಹಾಗೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಅದರ ಕೆಳಗೆ ಚಾಪೆ ಹಾಸಿ ಕೂತು ಎಂದಿನ ಹಾಗೆ ಕೆಲಸ. ಟ್ರೈಪಾಡ್ ಅಂದ್ರಲ್ಲ, ನಂದು ಇಷ್ಟೇ.

ಆ ವಿಡಿಯೋದಲ್ಲಿ ಏನಿದೆ ಅಂದ್ರೆ, ರೇಷ್ಮೆ ದಾರದ ಎಳೆಗಳನ್ನ ಮಡಿಚಿ ಸೆರಗಿನ ಗಂಟಿಗೆ ಸಿಕ್ಕಿಸೋದು, ಮಡಿಕೆಯ ಕೆಳಗೆ ಜರಿ ಸುತ್ತೋದು. ಸುತ್ತೋವಾಗ ನನ್ನ ಎಡಗೈ ಹೆಬ್ಬೆರಳು ಜರಿಯ ಬಾಲವನ್ನ ಕುಚ್ಚಿನ ಉದ್ದಕ್ಕೆ ಒತ್ತಿ ಹಿಡಿದಿರುತ್ತೆ, ಸುತ್ತುಗಳೆಲ್ಲ ಆ ಬಾಲದ ಮೇಲೇ ಬಂದು ಕೂರ್ತವೆ. ಕೊನೇಲಿ ಸೂಜಿ ಹಾಕಿ ಇನ್ನೊಂದು ತುದಿಯನ್ನ ಸುತ್ತಿನೊಳಗೇ ಎಳೆದು ಕತ್ತರಿಸ್ತೀನಿ. ಎರಡು ತುದಿಯೂ ಒಳಗೆ ಸಿಕ್ಕಿಕೊಂಡ ಮೇಲೆ ಬಿಚ್ಚೋದೆಲ್ಲಿ? ಈ ಹೆಬ್ಬೆರಳಿನ ವಿಷಯ ನಾನು ಫೋನಲ್ಲಿ ಒಂದು ಸಲವೂ ಹೇಳಿರಲಿಲ್ಲ. ಹಾಗೆ ಮಾಡ್ತೀನಿ ಅಂತ ನಂಗೇ ಗೊತ್ತಿರಲಿಲ್ಲ. ಅವಳು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಹಿಡಿದಿದ್ದು.

ಅದಕ್ಕೇ ಹೇಳೋದು, ಜನರನ್ನ ವಿಡಿಯೋ ಕೇಳಬೇಡಿ. ಪ್ರಶ್ನೆ ಕೇಳಿ. ನಿಮಗೆ ನಿಜವಾಗ್ಲೂ ಗೊತ್ತಿಲ್ಲದ್ದನ್ನ ಕೇಳಿ. "ಅಜ್ಜಿ, ಬಾಳೆನಾರನ್ನ ಯಾಕೆ ನೀರಲ್ಲಿ ನೆನೆಸಿಡ್ತೀರಿ? ಆ ಗಂಟು ನಿಧಾನಕ್ಕೆ ಒಂದು ಸಲ ತೋರಿಸಿ" ಅನ್ನಿ. ಅವರು ಬೈಕೊಂಡಾದ್ರೂ ತೋರಿಸ್ತಾರೆ. ಫೋನು ನೀವು ಹಿಡೀರಿ, ಇಲ್ಲಾ ಮೊಮ್ಮಗನ ಕೈಗೆ ಕೊಡಿ. ಕೈ ಮಾತ್ರ ಬರಲಿ, ಮುಖ ಬೇಡ. ಮುಖ ಬರಲ್ಲ ಅಂತ ಗೊತ್ತಾದ್ರೆ ನಮ್ಮಂಥ ಹೆಂಗಸರು ಅರ್ಧ ಒಪ್ಪಿದ ಹಾಗೇ. ಸೀರೆ ಬದಲಾಯಿಸಬೇಕಿಲ್ಲ, ತಲೆ ಬಾಚಬೇಕಿಲ್ಲ, ಹಿಂದೆ ಒಣಗಿ ಹಾಕಿದ ಬಟ್ಟೆ ಕಾಣುತ್ತೆ ಅನ್ನೋ ತಲೆನೋವಿಲ್ಲ.

ಯೂಟ್ಯೂಬಿಗೆ ಹಾಕಿದ ಮೊಟ್ಟಮೊದಲ ವಿಡಿಯೋ ನನ್ನ ಮಗ ತೋರಿಸಿದ. 2005ರ ಏಪ್ರಿಲ್ 23ರದ್ದು, ಬರೀ 19 ಸೆಕೆಂಡು. ಯೂಟ್ಯೂಬ್ ಕಟ್ಟಿದವರಲ್ಲೇ ಒಬ್ಬರು ಅಮೆರಿಕದ ಯಾವುದೋ ಝೂನಲ್ಲಿ ಆನೆಗಳ ಮುಂದೆ ನಿಂತು ಇವಕ್ಕೆ ಸೊಂಡಿಲು ಭಾರೀ ಉದ್ದ ಅಂತಾರೆ, ಮುಗೀತು. ಆನೆಗೆ ಸೊಂಡಿಲು ಉದ್ದ ಅನ್ನೋಕೆ ಯಾವ ಕ್ಲಾಸಿಗೆ ಹೋಗಬೇಕು ಹೇಳಿ?

ಮೊದಲು ಊರಿಗೆಲ್ಲ ಹಂಚೋಕೆ ಹೋಗಬೇಡಿ. ಯಾರು ಕೇಳಿದ್ರೋ ಅವರಿಗೆ ಕಳಿಸಿ, ಆಮೇಲೆ ಮನೆ ಗ್ರೂಪಿಗೆ. ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಿದ್ರೆ ಅದು ಹಿಂಡಿ ಕಳಿಸುತ್ತೆ, ಜರಿ ಯಾವುದು ದಾರ ಯಾವುದು ಗೊತ್ತಾಗಲ್ಲ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದ್ರೆ ತೆಗೆದಿದ್ದು ತೆಗೆದ ಹಾಗೇ ಹೋಗುತ್ತೆ, 2 ಜಿಬಿ ತನಕ. ಇನ್ನೊಂದು, ಹೊಳೆಯೋ ವಸ್ತು ಬಿಳಿಚಿಕೊಂಡು ಬರ್ತಿದ್ರೆ ಸ್ಕ್ರೀನ್ ಮೇಲೆ ಆ ಜಾಗವನ್ನ ಒತ್ತಿ ಹಿಡೀರಿ. ಎಷ್ಟೋ ಫೋನಲ್ಲಿ ಪಕ್ಕ ಒಂದು ಸೂರ್ಯನ ಗುರುತು ಬರುತ್ತೆ, ಅದನ್ನ ಕೆಳಕ್ಕೆ ಎಳೆದ್ರೆ ಬೆಳಕು ತಗ್ಗುತ್ತೆ.

ಚಾನೆಲ್ಲಿಗೆ ಹಾಕೋವಾಗ "ನಮ್ಮ ಮೊದಲ ಪ್ರಯತ್ನ, ಹರಸಿ ಹಾರೈಸಿ" ಅಂತೆಲ್ಲ ಹೆಸರಿಡಬೇಡಿ. ಆ ಕೇಳಿದ ಪ್ರಶ್ನೆನೇ ಹೆಸರು. ನನ್ನದರ ಹೆಸರು "ಕುಚ್ಚು ಬಿಚ್ಚದ ಹಾಗೆ ಜರಿ ಸುತ್ತೋದು ಹೇಗೆ". ಜನ ಹುಡುಕೋದು ಅದನ್ನೇ.

ಬಹುಮಾನ ಮಾತ್ರ ಬೇಡವೇ ಬೇಡ. ಗೆಲ್ಲೋರು ಒಬ್ಬರು, ಮುನಿಸಿಕೊಳ್ಳೋರು ಬೀದಿ ತುಂಬ. ಅದೇ ದುಡ್ಡಲ್ಲಿ ಒಂದು ಭಾನುವಾರ ಸಂಜೆ ವಾಚನಾಲಯದ ಟಿವಿಗೆ ಹಾಕಿ ಎಲ್ಲರಿಗೂ ತೋರಿಸಿ, ಚುರುಮುರಿ ತರಿಸಿ.


ಗಾಂಧಿಬಜಾರ್ ಸಂಜೆ:

ಎಲ್ಲರೂ ಯಾಕೆ ವಿಡಿಯೋ ಮಾಡಬೇಕು ಅನ್ನೋದೇ ನನ್ನ ಪ್ರಶ್ನೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದರ ಮಧ್ಯೆ ಕೋಲಿಗೆ ಸಿಕ್ಕಿಸಿದ ಫೋನುಗಳು. ಹಳ್ಳಿಯಿಂದ ಮೂಟೆ ತಂದು, ರಾತ್ರಿಯೆಲ್ಲ ಫುಟ್‌ಪಾತಲ್ಲೇ ಮಲಗಿ ಎದ್ದ ಹೆಂಗಸಿನ ಮುಖದ ಹತ್ತಿರಕ್ಕೆ ಕ್ಯಾಮೆರಾ ತಂದು "ಹೇಳಮ್ಮ, ಬಡವರ ಬಾದಾಮಿ ಬಗ್ಗೆ ಎರಡು ಮಾತು" ಅಂತಾರೆ. ವೀವ್ಸು ಇವನಿಗೆ. ಅವಳ ಹತ್ರ ಸೇರಿಗೆ ಚೌಕಾಸಿ.

ಇನ್ನು ಕಾಮೆಂಟು. ನಮ್ಮ ಅಕ್ಕನ ಮಗಳು ರಂಗೋಲಿ ವಿಡಿಯೋ ಹಾಕಿದ್ಲು. ಚುಕ್ಕಿ ಎಷ್ಟು ಅಂತ ಕೇಳಿದವರಿಗಿಂತ ಅವಳ ನೈಟಿ ಬಗ್ಗೆ ಬರೆದವರು ಜಾಸ್ತಿ. ಅವತ್ತೇ ತೆಗೆದುಹಾಕಿದ್ಲು. ಪ್ರೋತ್ಸಾಹ ಕೊಡೋಕೆ ಮುಂಚೆ ಇದಕ್ಕೂ ಉತ್ತರ ಇಟ್ಟುಕೊಂಡಿರಿ.


ಸೆರಗು ಕುಚ್ಚು:

ನೀವು ಹೇಳಿದ ಕೋಲಿನವರ ಮೇಲೆ ನಂಗೂ ಸಿಟ್ಟಿದೆ. ಆದ್ರೆ ಅದು ಬೇರೆಯವರು ಬಂದು ಆಕೆಯ ವಿಡಿಯೋ ತೆಗೆಯೋದು. ಆಕೆಯೇ ತನ್ನ ಮಗನ ಫೋನಲ್ಲಿ, ಕಾಯಿ ಕಿವಿ ಹತ್ರ ಅಲ್ಲಾಡಿಸಿ ಬಲಿತಿದ್ದು ಯಾವುದು, ಜೊಳ್ಳು ಯಾವುದು ಅಂತ ತೋರಿಸಿದ್ರೆ ಅದು ಆಕೆಯದ್ದು. ಬೇಕಾದ್ರೆ ಹಾಕ್ತಾಳೆ, ಬೇಡದಿದ್ರೆ ಅಳಿಸ್ತಾಳೆ.

ಕಾಮೆಂಟಿಗೆ ಮದ್ದಿದೆ. ಯೂಟ್ಯೂಬಲ್ಲಿ ಒಂದೊಂದು ವಿಡಿಯೋಗೂ ಕಾಮೆಂಟ್ ಆಫ್ ಮಾಡಬಹುದು, ಇಲ್ಲಾ ನಾವು ಓದಿ ಬಿಟ್ಟ ಮೇಲೇ ಕಾಣೋ ಹಾಗೆ ತಡೆದಿಡಬಹುದು. ಅನ್‌ಲಿಸ್ಟೆಡ್ ಅಂತ ಇಟ್ರೆ ಲಿಂಕ್ ಸಿಕ್ಕಿದವರಿಗೆ ಮಾತ್ರ ಕಾಣುತ್ತೆ, ಹುಡುಕಿದ್ರೆ ಸಿಗಲ್ಲ. ಆದ್ರೆ ಆ ಲಿಂಕನ್ನ ಯಾರು ಬೇಕಾದ್ರೂ ಮುಂದಕ್ಕೆ ಕಳಿಸಬಹುದು, ಅದು ನೆನಪಿರಲಿ. ನಾನು ಮೊದಮೊದಲು ಎಲ್ಲವನ್ನೂ ಹಾಗೇ ಇಟ್ಟಿದ್ದೆ.

ಹಾಕೋ ಮುಂಚೆ ಒಂದು ಸಲ ಸದ್ದು ನಿಲ್ಲಿಸಿ ಬರೀ ಹಿಂಭಾಗ ನೋಡ್ಕೊಂಡು ಹೋಗಿ. ಮಗುವಿನ ಯೂನಿಫಾರ್ಮ್ ಮೇಲಿನ ಸ್ಕೂಲ್ ಹೆಸರು, ಗೇಟಿನ ನಂಬರು, ಗಿರಾಕಿ ಚೀಟಿಯಲ್ಲಿ ಬರೆದ ಫೋನ್ ನಂಬರು. ನನ್ನ ಒಂದು ವಿಡಿಯೋದಲ್ಲಿ ಗಿರಾಕಿಯೊಬ್ಬರ ಸೀರೆ ಬ್ಯಾಗಿನ ಮೇಲೆ ಪೂರ್ತಿ ವಿಳಾಸ ಇತ್ತು, ಆ ತುಂಡನ್ನ ಕತ್ತರಿಸಿ ಹಾಕಿದೆ.

ಕಳ್ಳತನವೂ ಇದೆ. ಯಾರೋ ಪುಣ್ಯಾತ್ಮರು ನನ್ನ ಕೈಗೆ ಅವರ ಚಾನೆಲ್ ಹೆಸರು ಅಂಟಿಸಿ ಹಾಕಿಕೊಂಡಿದ್ರು! ಬಳೆ ನೋಡಿ ನಮ್ಮ ನಾದಿನಿ ಗುರುತು ಹಿಡಿದ್ಲು. ಯೂಟ್ಯೂಬಲ್ಲಿ ಕಾಪಿರೈಟ್ ದೂರಿನ ಫಾರಂ ಇದೆ, ದುಡ್ಡು ಕೊಡಬೇಕಿಲ್ಲ, ಮಗ ತುಂಬಿದ, ಅದು ಹೋಯ್ತು.


ಲೆಕ್ಕದ ಪುಸ್ತಕ:

"ದುಡ್ಡು ಬರುತ್ತಾ" ಅಂದವರಿಗೆ ಇರೋದನ್ನ ಇದ್ದ ಹಾಗೆ ಹೇಳಿಬಿಡಿ. ಯೂಟ್ಯೂಬಲ್ಲಿ ಜಾಹೀರಾತಿನ ಪಾಲು ಬರಬೇಕಾದ್ರೆ 1000 ಸಬ್‌ಸ್ಕ್ರೈಬರ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆಗಿರಬೇಕು, ಇಲ್ಲಾ 90 ದಿನದಲ್ಲಿ ಶಾರ್ಟ್ಸಿಗೆ 1 ಕೋಟಿ ವೀವ್ಸ್. ಹೂವಿನ ಅಜ್ಜಿಗೆ ಆ ಆಸೆ ಹುಟ್ಟಿಸಬೇಡಿ. ಕುಚ್ಚಿನ ಅಕ್ಕನಿಗೆ ವಿಡಿಯೋದಿಂದ ಗಿರಾಕಿ ಬಂದಿರಬಹುದು, ಆ ಲೆಕ್ಕ ಬೇರೆ.

ಸಿನಿಮಾ ಹಾಡು ಹಿಂದೆ ಹಾಕಬೇಡಿ. ಹಾಡಿನ ಹಕ್ಕಿರೋರು ಕ್ಲೇಮ್ ಹಾಕಿದ್ರೆ ವಿಡಿಯೋಗೆ ಬರೋ ದುಡ್ಡು ಅವರಿಗೆ ಹೋಗುತ್ತೆ, ಕೆಲವು ಸಲ ವಿಡಿಯೋನೇ ಕಾಣದ ಹಾಗೆ ಆಗುತ್ತೆ. ರೇಡಿಯೋ ಓಡ್ತಿದ್ರೂ ಆಫ್ ಮಾಡಿ. ಶಾರ್ಟ್ಸ್ ಮೊದಲು 60 ಸೆಕೆಂಡ್ ಅಷ್ಟೇ ಇತ್ತು, 2024ರ ಅಕ್ಟೋಬರ್‌ನಿಂದ 3 ನಿಮಿಷ ಆಗಿದೆ. ನಿಮ್ಮ ಬೀದಿಯ ಕೆಲಸಕ್ಕೆ ಅದು ಸರಿಯಾದ ಅಳತೆ.

ಮೂಲ ಫೈಲು ಮಾತ್ರ ಒಂದು ಪೆನ್‌ಡ್ರೈವ್ ಇಲ್ಲಾ ಹಾರ್ಡ್‌ಡಿಸ್ಕಲ್ಲಿ ವಾಚನಾಲಯದಲ್ಲೇ ಇರಲಿ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆದಾಗ ವಿಡಿಯೋ ಅದರಲ್ಲಷ್ಟೇ ಇಟ್ಟುಕೊಂಡಿದ್ದವರು ಪೇಚಾಡಿದ್ದು ನೋಡಿದ್ದೀನಿ. ಯಾರು ಬೇಕಾದ್ರೂ ಬಳಸಿಕೊಳ್ಳಲಿ ಅನ್ನೋ ಮನಸ್ಸಿದ್ರೆ ಎಲ್ಲರೂ ಬಳಸಬಹುದಾದ ಚಿತ್ರ, ವಿಡಿಯೋಗಳ ಸಂಗ್ರಹ ವಿಕಿಮೀಡಿಯ ಕಾಮನ್ಸಿಗೆ ಹಾಕಿ, ಕನ್ನಡ ವಿಕಿಪೀಡಿಯದ ಲೇಖನಕ್ಕೆ ಜೋಡಿಸಬಹುದು. ಅಲ್ಲಿ ಎಂಪಿ4 ಅನ್ನೋ ಥರದ ವಿಡಿಯೋ ಫೈಲು ನೇರ ತಗೊಳ್ಳಲ್ಲ, ವೆಬ್‌ಎಂ ಅನ್ನೋ ಥರಕ್ಕೆ ಬದಲಾಯಿಸಿ ಹಾಕಬೇಕು. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳೋಕಾಗಲ್ಲ ಅನ್ನೋದನ್ನ ತೆಗೆದವರಿಗೆ ಮೊದಲೇ ಹೇಳಿ.


ಅಡ್ಡರಸ್ತೆ ವಾಚನಾಲಯ:

ಎಲ್ಲರಿಗೂ ಧನ್ಯವಾದ. ನೋಟಿಸ್ ಕಿತ್ತು ಹಾಕಿದ್ವಿ.

ಕುಚ್ಚಿನ ಅಕ್ಕ ಹೇಳಿದ ಹಾಗೆ ಪ್ರಶ್ನೆ ಹಿಡ್ಕೊಂಡು ಹೋದೆ. ಎದುರುಮನೆ ಯಜಮಾನ್ರ ಹತ್ರ ನಮ್ಮಪ್ಪನ ಎಚ್‌ಎಂಟಿ ಜನತಾ ತಗೊಂಡು ಹೋಗಿ, "ಸಾರ್, ಕೀ ಕೊಟ್ರೂ ನಡೀತಿಲ್ಲ. ಕೀ ಜಾಸ್ತಿ ಆಗಿ ಕೆಟ್ಟೋಯ್ತಾ?" ಅಂದೆ. "ಯಾರ್ರೀ ಹೇಳಿದ್ದು ನಿಮಗೆ?" ಅಂತ ಶುರು ಮಾಡಿದ್ರು ನೋಡಿ. ಒಳಗಿಂದ ಕಣ್ಣಿಗೆ ಸಿಕ್ಕಿಸೋ ಭೂತಗನ್ನಡಿ, ಚಿಮಟ, ಒಂದು ಬಿಳೀ ಬಟ್ಟೆ ಬಂತು. ಬಟ್ಟೆ ಯಾಕಂದ್ರೆ ಸ್ಕ್ರೂ ಹಾರಿದ್ರೆ ಕಾಣಬೇಕಲ್ಲ. ಹಿಂದಿನ ಮುಚ್ಚಳ ತೆಗೆದು ತೋರಿಸಿದ್ರು: ಕೀ ಜಾಸ್ತಿ ಕೊಟ್ಟು ವಾಚು ಕೆಡಲ್ಲ, ವರ್ಷಗಟ್ಟಲೆ ಬಿಟ್ಟು ಒಳಗಿನ ಎಣ್ಣೆ ಒಣಗಿ ಗಟ್ಟಿಯಾಗಿ ಚಕ್ರ ಹಿಡ್ಕೊಳ್ಳುತ್ತೆ, ಸ್ಪ್ರಿಂಗು ಪೂರ್ತಿ ಸುತ್ತಿಕೊಂಡು ಹಾಗೇ ನಿಂತಿರುತ್ತೆ, ನೋಡೋರಿಗೆ ಕೀ ಜಾಸ್ತಿ ಆದ ಹಾಗೆ ಅನ್ನಿಸುತ್ತೆ. 17 ಜ್ಯುವೆಲ್ ಅಂದ್ರೆ ಒಡವೆ ಅಲ್ಲ, ಅಚ್ಚು ತಿರುಗೋ ಕಡೆ ಸವೆಯದಿರಲಿ ಅಂತ ಕೂರಿಸಿದ ಕೃತಕ ಮಾಣಿಕ್ಯ ಅಂತ ಚಿಮಟದ ತುದಿಯಲ್ಲಿ ಕೆಂಪು ಚುಕ್ಕೆಗಳನ್ನ ಒಂದೊಂದಾಗಿ ತೋರಿಸಿದ್ರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಫ್ಯಾಕ್ಟರಿ ಶುರುವಾದ ಕಥೆ, ಕ್ಯಾಂಟೀನ್ ಕಥೆ, ಮದುವೆಗೆ ವಾಚು ಕೊಡಿಸಿ ಅಂತ ನೆಂಟರೆಲ್ಲ ಗಂಟುಬಿದ್ದ ಕಥೆ, ಎಲ್ಲಾ ಬಂತು. ನಾನು ಫೋನು ಹಿಡಿದಿದ್ದೀನಿ ಅನ್ನೋದೇ ಅವರಿಗೆ ಮರೆತುಹೋಯ್ತು. ಮುಗಿದ ಮೇಲೆ ತೋರಿಸಿ, ಹಾಕಬಹುದಾ ಸಾರ್ ಅಂದೆ. ಎರಡು ಸಲ ನೋಡಿ, "ಜ್ಯುವೆಲ್ ಹೇಳೋವಾಗ ಒಂದು ಬಿಟ್ಟೆ, ಅದನ್ನ ಇನ್ನೊಂದು ಸಲ ತೆಗೀರಿ" ಅಂದ್ರು!

ತೊಂದರೆ ಏನಂದ್ರೆ ಉದ್ದ ಜಾಸ್ತಿ ಆಗಿದೆ. ಹಾಗೇ ಹಾಕಲಾ, ಕತ್ತರಿಸಲಾ?

ಹೂವಿನ ಅಜ್ಜಿ ಬಾಳೆನಾರಿನ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕರು. "ಒಣ ನಾರು ಹರಿಯುತ್ತೆ ಕಣಪ್ಪ, ಅಷ್ಟೂ ಗೊತ್ತಿಲ್ವ?" ತೋರಿಸ್ತಾರಂತೆ. ಆದ್ರೆ ಇವತ್ತು ಬೇಡವಂತೆ, ಕೈ ಬೋಳಾಗಿದೆಯಂತೆ, ಶುಕ್ರವಾರ ಬಳೆ ಹಾಕ್ಕೊಂಡು ಬರ್ತಾರಂತೆ.


ಮದುವೆಮನೆ ಕ್ಯಾಮೆರಾ:

ಮೂರು ಮಾಡಿ. ಕೀ ಜಾಸ್ತಿ ಆಗುತ್ತಾ ಅನ್ನೋದು ಒಂದು, 17 ಜ್ಯುವೆಲ್ ಇನ್ನೊಂದು, ಫ್ಯಾಕ್ಟರಿ ಕಥೆ ಮತ್ತೊಂದು. ಪೂರ್ತಿ ಇರೋದನ್ನೂ ಬೇರೆಯಾಗಿ ಹಾಕಿ, ವಾಚಿನ ಹುಚ್ಚಿರೋರು ಉದ್ದ ಇದ್ರೂ ನೋಡ್ತಾರೆ. 15 ನಿಮಿಷ ದಾಟಿದ್ರೆ ಚಾನೆಲ್ಲಿಗೆ ಫೋನ್ ನಂಬರ್ ವೆರಿಫೈ ಮಾಡಿಸಬೇಕು, ಅಷ್ಟೇ. ಯಾವ ತುಂಡಿಗೂ ಮ್ಯೂಸಿಕ್ ಬೇಡ. ಚಿಮಟ ತಟ್ಟೆಗೆ ತಾಗೋ ಸದ್ದು ಸಾಕು.


ಸೆರಗು ಕುಚ್ಚು:

ಗಾಜಿನ ಬಳೆ ಸದ್ದು ಮೈಕಿಗೆ ಜೋರಾಗಿ ಬೀಳುತ್ತೆ, ಆದ್ರೂ ಅಜ್ಜಿಗೆ ಬೇಡ ಅನ್ನಬೇಡಿ. ಫೋನನ್ನ ಇನ್ನೊಂದು ಗೇಣು ಹಿಂದಕ್ಕೆ ಇಟ್ಕೊಳ್ಳಿ, ಅಷ್ಟೇ. ಶುಕ್ರವಾರ ಹೂವಿನ ವ್ಯಾಪಾರ ಜೋರು, ಹನ್ನೊಂದರ ಮೇಲೆ ಹೋಗಿ.

ಜನತಾ ವಿಡಿಯೋ ಹಾಕಿದ ತಕ್ಷಣ ಲಿಂಕ್ ಇಲ್ಲಿ ಹಾಕಿ. ನಮ್ಮ ಮಾವನ ಬೀರುವಿನಲ್ಲೂ ಒಂದು ನಿಂತಿದೆ. ಆ ಎಣ್ಣೆ ಮನೇಲೇ ಹಾಕ್ಕೋಬಹುದಾ, ಅಂಗಡಿಗೇ ಕೊಡಬೇಕಾ ಅಂತ ಯಜಮಾನ್ರನ್ನ ಕೇಳಿ ಅದನ್ನೂ ತೆಗೀರಿ. ಬೇಗ ಆದ್ರೆ ಒಳ್ಳೇದು, ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಡಲಾ ಅಂತ ಮಾವ ಬೆಳಗ್ಗೆಯಿಂದ ನನ್ನ ಡಬ್ಬಿ ಹುಡುಕ್ತಿದ್ದಾರೆ.